ಮುರಿಯುವ ಕೂದಲಿಗೆ ಪ್ರೋಟೀನ್ ಬೇಕೋ, ತೇವ ಬೇಕೋ? ಒದ್ದೆ ಕೂದಲನ್ನೇ ಕೇಳಿ ನೋಡಿ

ತಂಗಿಯ ಮದುವೆಗೆ ಎರಡು ತಿಂಗಳಿರುವಾಗ ಕೂದಲಿಗೆ ಬ್ಲೀಚ್ ಮಾಡಿಸಿ ಹೈಲೈಟ್ಸ್ ಹಾಕಿಸಿಕೊಂಡೆ. ಮೂರು ವಾರ ಬಿಟ್ಟು ಅದೇ ಪಾರ್ಲರಿನಲ್ಲಿ ಕೂದಲು ನೇರ ಮಾಡುವ ಸ್ಮೂತನಿಂಗ್ ಕೂಡ ಆಯಿತು. ಎರಡನ್ನೂ ಇಷ್ಟು ಹತ್ತಿರ ಮಾಡಿಸಬಾರದು ಎಂದು ಅಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮದುವೆಯ ದಿನ ಕೂದಲು ಚೆನ್ನಾಗಿ ಹೊಳೆಯಿತು. ತಿಂಗಳು ಕಳೆಯುವಷ್ಟರಲ್ಲಿ ಬಚ್ಚಲಿನಲ್ಲಿ ಎರಡೆರಡು ಇಂಚಿನ ತುಂಡುಗಳು ಸಿಗತೊಡಗಿದವು. ಜಡೆ ತುದಿಗೆ ಬರುತ್ತಾ ಇಲಿಬಾಲದಂತಾಯಿತು.

ನೋಡಿದವರೆಲ್ಲ "ಪ್ರೋಟೀನ್ ಕಮ್ಮಿಯಾಗಿದೆ, ಮೊಟ್ಟೆ ಹಚ್ಚು" ಎಂದರು. ಹಚ್ಚಿದೆ. ವಾರಕ್ಕೆ ಎರಡು ಸಲ ಮೊಟ್ಟೆ, ಜೊತೆಗೆ ಒಂದು ಕೆರಾಟಿನ್ ಮಾಸ್ಕ್. ಮೊದಲ ಎರಡು ವಾರ ಕೂದಲು ಗಟ್ಟಿಯಾಯಿತು, ನಿಜ. ಆಮೇಲೆ ಪೊರಕೆ ಕಡ್ಡಿಯಷ್ಟು ಒರಟಾಯಿತು. ಮೊದಲು ರಬ್ಬರಿನಂತೆ ಎಳೆದು ಎಳೆದು ತುಂಡಾಗುತ್ತಿದ್ದ ಕೂದಲು, ಈಗ ಬಾಚಣಿಗೆ ತಾಗಿದರೆ ಸಾಕು, ಪಟ್ಟನೆ ಮುರಿಯುತ್ತಿತ್ತು. ತುಂಡಾಗುವುದು ಒಂದೇ, ಕಾರಣ ಬೇರೆ. ಇದು ಗೊತ್ತಾಗಲು ನನಗೆ ನಾಲ್ಕು ತಿಂಗಳು ಹಿಡಿಯಿತು. ನಿಮಗೆ ಅಷ್ಟು ದಿನ ಬೇಡ ಎಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಉದುರುವುದು ಬೇರೆ, ತುಂಡಾಗುವುದು ಬೇರೆ

ಏನನ್ನೂ ಕೊಳ್ಳುವ ಮೊದಲು ಈ ಕೆಲಸ ಮಾಡಿ. ತಲೆ ಬಾಚಿದ ಮೇಲೆ ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಎಸೆಯಬೇಡಿ. ಒಂದು ಹಳೆಯ ಟವೆಲ್ ಮೇಲೆ ಒಂದೊಂದಾಗಿ ಬಿಡಿಸಿ ಇಡಿ. ಕೂದಲು ಪೂರ್ತಿ ಉದ್ದವಿದ್ದು, ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟು ಇದ್ದರೆ ಅದು ಬುಡದಿಂದಲೇ ಬಂದಿದೆ. ಬೆರಳ ನಡುವೆ ಎಳೆದರೆ ಆ ಗಂಟು ಕೈಗೆ ತಾಗುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೀಗೆ ಹೋಗುವುದು ಸಹಜ. ಗಂಟಿಲ್ಲದ ಗಿಡ್ಡ ತುಂಡುಗಳೇ ಜಾಸ್ತಿ ಇದ್ದರೆ, ಅದು ಮುರಿದ ಕೂದಲು. ಈ ಬರಹ ಇರುವುದು ಆ ತುಂಡುಗಳ ಬಗ್ಗೆ.

ಬುಡದಿಂದ ಹಿಡಿಹಿಡಿಯಾಗಿ ಬರುತ್ತಿದ್ದರೆ ಯಾವ ಮಾಸ್ಕೂ ಕೆಲಸ ಮಾಡುವುದಿಲ್ಲ. ಡೆಂಗಿ, ಟೈಫಾಯ್ಡ್‌ನಂಥ ಜ್ವರ ಬಂದು ಹೋಗಿ ಎರಡು ಮೂರು ತಿಂಗಳಿಗೆ, ಅಥವಾ ಬಾಣಂತನದ ಮೂರನೆಯ ತಿಂಗಳಿನಿಂದ ಹೀಗೆ ಉದುರುವುದು ಬಹಳ ಜನಕ್ಕೆ ಆಗುತ್ತದೆ. ಕಬ್ಬಿಣದ ಅಂಶ ಕಮ್ಮಿಯಾದರೂ, ಥೈರಾಯ್ಡ್ ಏರುಪೇರಾದರೂ ಆಗುತ್ತದೆ. ಚರ್ಮದ ಡಾಕ್ಟರ ಹತ್ತಿರ ಹೋಗಿ. ಮೊಟ್ಟೆಗೆ ಖರ್ಚು ಮಾಡುವ ದುಡ್ಡನ್ನು ರಕ್ತಪರೀಕ್ಷೆಗೆ ಮಾಡಿ.

ಎಲ್ಲಿ ತುಂಡಾಗುತ್ತಿದೆ ಎಂದೂ ನೋಡಬೇಕು. ರಬ್ಬರ್ ಬ್ಯಾಂಡ್ ಹಾಕುವ ಜಾಗದಲ್ಲೇ ಪುಟ್ಟ ಕೂದಲುಗಳು ಎದ್ದು ನಿಂತಿದ್ದರೆ ತಪ್ಪು ಬ್ಯಾಂಡಿನದು. ಹಣೆಯ ಅಂಚಿನಲ್ಲಿ, ಕಿವಿಯ ಮೇಲೆ ತೆಳುವಾಗಿದ್ದರೆ ಜಡೆ ಬಿಗಿಯಾಯಿತು ಎಂದರ್ಥ. ತುದಿಯಲ್ಲಿ ಕವಲೊಡೆದಿದ್ದರೆ ಅದು ವಯಸ್ಸಿನ ಸವೆತ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ನಿಮ್ಮ ಜಡೆ 60 ಸೆಂಟಿಮೀಟರ್ ಇದ್ದರೆ, ಅದರ ತುದಿಗೆ ಐದು ವರ್ಷ ವಯಸ್ಸು. ಐದು ದೀಪಾವಳಿಯ ಎಣ್ಣೆಸ್ನಾನ ಕಂಡ ಕೂದಲು ಅದು. ಬುಡದ ಕೂದಲಿಗೂ ತುದಿಯ ಕೂದಲಿಗೂ ಒಂದೇ ಉಪಚಾರ ಸರಿಹೋಗುವುದಿಲ್ಲ.

ಕೂದಲೊಳಗೆ ನಡೆಯುವುದೇನು

ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ನಾರು. ಅದು ಏನನ್ನೂ ತಿನ್ನುವುದಿಲ್ಲ, ಗಾಯ ಮಾಯಿಸಿಕೊಳ್ಳುವುದಿಲ್ಲ. ಒಳಗೆ ತೆಂಗಿನ ನಾರಿನ ಹಗ್ಗದಂತೆ ಎಳೆಎಳೆಯಾಗಿ ಹೊಸೆದ ತಿರುಳು. ಹೊರಗೆ ಮನೆಯ ಹೆಂಚಿನಂತೆ ಒಂದರ ಮೇಲೊಂದು ಕೂತ ಪದರಗಳು. ಆ ಹೆಂಚಿನ ಮೇಲೆ ಅತಿ ತೆಳುವಾದ ಒಂದು ಕೊಬ್ಬಿನ ಲೇಪ ಹುಟ್ಟಿನಿಂದಲೇ ಅಂಟಿಕೊಂಡಿರುತ್ತದೆ. ನೀರು ಸುಲಭವಾಗಿ ಒಳಗಿಳಿಯದಂತೆ ತಡೆಯುವುದು ಅದೇ.

ಒಳಗಿನ ಎಳೆಗಳನ್ನು ಹಿಡಿದಿಡುವ ಗಂಟುಗಳಲ್ಲಿ ಎರಡು ಮುಖ್ಯ. ಒಂದು ಸಡಿಲ ಗಂಟು. ನೀರು ತಾಗಿದರೆ ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ಒದ್ದೆ ಕೂದಲು ಹಿಗ್ಗುತ್ತದೆ, ಒದ್ದೆಯಲ್ಲಿ ಹೆಣೆದ ಜಡೆ ಒಣಗಿದ ಮೇಲೆ ಅಲೆಅಲೆಯಾಗಿ ನಿಲ್ಲುತ್ತದೆ. ಇನ್ನೊಂದು ಗಂಧಕದ ಬಿಗಿ ಗಂಟು. ಕೂದಲಿನ ನಿಜವಾದ ಬಲ ಅದರದ್ದು. ಬ್ಲೀಚ್ ಮತ್ತು ಸ್ಟ್ರೇಟನಿಂಗ್ ಕ್ರೀಮುಗಳು ಕತ್ತರಿಸುವುದು ಇದನ್ನೇ. ಬ್ಲೀಚ್ ಮೇಲಿನ ಕೊಬ್ಬಿನ ಲೇಪವನ್ನೂ ಕಿತ್ತುಹಾಕುತ್ತದೆ. ಹೋದ ಲೇಪ ಆ ಕೂದಲಿಗೆ ಮತ್ತೆ ಬರುವುದಿಲ್ಲ.

ಹಾಗಾದರೆ ಪ್ರೋಟೀನ್ ಹಚ್ಚಿದರೆ ಏನಾಗುತ್ತದೆ? ಅಜ್ಜಿ ಹತ್ತಿ ಸೀರೆಗೆ ಗಂಜಿ ಹಾಕುತ್ತಿದ್ದದ್ದು ನೆನಪಿದೆಯಾ? ನನಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಸಿಕ್ಕಿಲ್ಲ. ಜೋಲುಬಿದ್ದ ಸೀರೆಗೆ ಹದವಾಗಿ ಗಂಜಿ ಬಿದ್ದರೆ ನೆರಿಗೆ ನಿಲ್ಲುತ್ತದೆ, ಬಟ್ಟೆಗೆ ಮೈ ಬರುತ್ತದೆ. ಗಂಜಿ ಜಾಸ್ತಿಯಾದರೆ ಬಟ್ಟೆ ತಗಡಿನಂತಾಗಿ, ಮಡಿಕೆ ಬಿದ್ದಲ್ಲೇ ನೂಲು ಸೀಳುತ್ತದೆ. ಕೂದಲಿಗೆ ಹಚ್ಚುವ ಪ್ರೋಟೀನೂ ಹಾಗೆಯೇ. ಬಹುಪಾಲು ಮೇಲೆಯೇ ಅಂಟುತ್ತದೆ, ಸವೆದ ಜಾಗಗಳಲ್ಲಿ ತುಂಬಿಕೊಳ್ಳುತ್ತದೆ, ಸ್ವಲ್ಪ ಬಿಗಿ ಕೊಡುತ್ತದೆ. ಕತ್ತರಿಸಿಹೋದ ಗಂಧಕದ ಗಂಟನ್ನು ಮತ್ತೆ ಕಟ್ಟುವುದಿಲ್ಲ.

ಇನ್ನು 'ತೇವ'. ಈ ಮಾತು ಎಲ್ಲರ ಬಾಯಲ್ಲಿದೆ, ಆದರೆ ಅರ್ಧ ಮಾತ್ರ ನಿಜ. ಕೂದಲಿಗೆ ನೀರು ಕುಡಿಸಿದರೆ ಬಲ ಬರುವುದಿಲ್ಲ. ಒದ್ದೆ ಕೂದಲು ಒಣ ಕೂದಲಿಗಿಂತ ಬೇಗ ಸೋಲುತ್ತದೆ. ಹಾಳಾದ ಕೂದಲು ಒಳ್ಳೆಯ ಕೂದಲಿಗಿಂತ ಜಾಸ್ತಿ ನೀರು ಹೀರುತ್ತದೆ ಕೂಡ. ನಾವು ತೇವ ಎನ್ನುವುದು ನಿಜವಾಗಿ ಮೃದುತ್ವ ಮತ್ತು ಜಾರಿಕೆ. ಕಂಡೀಷನರಿನ ಅಂಶಗಳು ಸವೆದ ಜಾಗಕ್ಕೆ ಅಂಟಿ, ಒಂದು ಕೂದಲು ಇನ್ನೊಂದರ ಮೇಲೆ ಸಲೀಸಾಗಿ ಜಾರುವಂತೆ ಮಾಡುತ್ತವೆ. ಆಗ ಸಿಕ್ಕಾಗುವುದಿಲ್ಲ, ಎಳೆಯಬೇಕಾಗಿಲ್ಲ, ಮುರಿಯುವುದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಬಿಗಿ ಬೇಕೋ, ಜಾರಿಕೆ ಬೇಕೋ ಎನ್ನುವುದಷ್ಟೇ ಪ್ರಶ್ನೆ.

ಮೊದಲು ಒಮ್ಮೆ ಪೂರ್ತಿ ಶುಚಿ ಮಾಡಿ

ಈ ಹೆಜ್ಜೆಯನ್ನು ಎಲ್ಲರೂ ಬಿಡುತ್ತಾರೆ. ಎಣ್ಣೆ, ಸೀರಮ್, ಮಾಸ್ಕ್, ಬೋರ್‌ವೆಲ್ ನೀರಿನ ಸುಣ್ಣ ಎಲ್ಲ ಮೆತ್ತಿಕೊಂಡಿರುವ ಕೂದಲನ್ನು ಪರೀಕ್ಷೆ ಮಾಡಿದರೆ ಉತ್ತರ ತಪ್ಪುತ್ತದೆ.

ನಿಮ್ಮ ನೀರು ಗಡಸೋ ಎಂದು ತಿಳಿಯಲು ಗೀಸರಿನ ಕಾಯಿಲ್ ನೋಡಿ, ನಲ್ಲಿಯ ಬಾಯಿ ನೋಡಿ. ಬಿಳಿ ಪೊರೆ ಕಟ್ಟಿದ್ದರೆ, ಸೋಪು ಸರಿಯಾಗಿ ನೊರೆ ಬರದಿದ್ದರೆ ಗಡಸು ನೀರು. ಬೆಂಗಳೂರಿನಲ್ಲಿ ಒಂದೇ ಬೀದಿಯಲ್ಲಿ ಒಂದು ಮನೆಗೆ ಕಾವೇರಿ ನೀರು, ಪಕ್ಕದ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇದನ್ನು ಹೇಳಲೇಬೇಕಾಗಿಲ್ಲ. ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂತು ಒರಟು ಮಾಡುತ್ತದೆ. ಅದನ್ನು "ಕೂದಲು ಒಣಗಿದೆ" ಎಂದುಕೊಳ್ಳುತ್ತೇವೆ.

ಮೆತ್ತಿದ್ದನ್ನೆಲ್ಲ ತೊಳೆದುಹಾಕುವ ಕ್ಲಾರಿಫೈಯಿಂಗ್ ಶಾಂಪೂ ಅಥವಾ ಗಡಸು ನೀರಿಗೆಂದೇ ಬರುವ ಕೀಲೇಟಿಂಗ್ ಶಾಂಪೂ ತನ್ನಿ. ಕೀಲೇಟಿಂಗ್ ಶಾಂಪೂವಿನ ಪಟ್ಟಿಯಲ್ಲಿ 'ಇಡಿಟಿಎ' ಎಂಬ ಪದ ಇರುತ್ತದೆ, ಸುಣ್ಣವನ್ನು ಹಿಡಿದು ತೊಳೆಯುವುದು ಅದು. ತಲೆಗೆ ಎಣ್ಣೆ ಹಚ್ಚದೆ, ಎರಡು ಸಲ ತೊಳೆಯಿರಿ. ಆಮೇಲೆ ಪ್ರೋಟೀನ್ ಇಲ್ಲದ ಸಾದಾ ಕಂಡೀಷನರ್ ಮಾತ್ರ. ಕೊನೆಯ ಎರಡು ಚೊಂಬು ನೀರು ಫಿಲ್ಟರಿನದ್ದೋ ಮಳೆಯದ್ದೋ ಆದರೆ ಬಹಳ ಒಳ್ಳೆಯದು. ಅದು ಸಿಗದಿದ್ದರೆ ಒಂದು ಲೀಟರ್ ನೀರಿಗೆ ಒಂದು ಚಮಚ ನಿಂಬೆರಸ ಬೆರೆಸಿ ಸುರಿದುಕೊಳ್ಳಿ. ನಿಂಬೆಯನ್ನು ನೇರವಾಗಿ ಉಜ್ಜಬೇಡಿ. ಅಡಿಗೆ ಸೋಡಾ, ಮೈ ಸೋಪು ತಲೆಗೆ ಬೇಡವೇ ಬೇಡ. ಅವುಗಳ ಕ್ಷಾರಕ್ಕೆ ಕೂದಲು ಊದಿಕೊಂಡು ಹೆಂಚುಗಳು ಎದ್ದು ನಿಲ್ಲುತ್ತವೆ.

ಇಂಥ ಬಲವಾದ ತೊಳೆತ ತಿಂಗಳಿಗೆ ಒಂದು ಸಲ ಸಾಕು, ಬೋರ್‌ವೆಲ್ ನೀರಿನವರಿಗೆ ಎರಡು. ನಂಬಿ, ಕೆಲವರ ಸಮಸ್ಯೆ ಇಲ್ಲಿಗೇ ಮುಗಿದುಬಿಡುತ್ತದೆ.

ಒದ್ದೆ ಕೂದಲ ಪರೀಕ್ಷೆ

ಈಗ ಕೂದಲು ಶುಚಿಯಾಗಿದೆ. ಬಾಚುವಾಗ ತಾನಾಗಿ ಬಂದ ನಾಲ್ಕೈದು ಉದ್ದ ಕೂದಲು ತೆಗೆದುಕೊಳ್ಳಿ. ಕಿತ್ತುಕೊಳ್ಳಬೇಡಿ. ಹತ್ತು ನಿಮಿಷ ನೀರಿನಲ್ಲಿ ನೆನೆಸಿ.

1. ಒಂದು ಕೂದಲಿನ ತುದಿ ಭಾಗದ ಒಂದು ಗೇಣನ್ನು ಎರಡೂ ಕೈಯ ಬೆರಳುಗಳ ನಡುವೆ ಹಿಡಿಯಿರಿ.
2. ಬಹಳ ನಿಧಾನವಾಗಿ ಎಳೆಯಿರಿ. ಜಗ್ಗಬೇಡಿ.
3. ಅರ್ಧಕ್ಕೆ ನಿಲ್ಲಿಸಿ, ಒಂದು ಕೈ ಸಡಿಲ ಬಿಡಿ. ಏನಾಗುತ್ತದೆ ನೋಡಿ.
4. ಅದೇ ಕೂದಲಿನ ಬುಡದ ಭಾಗಕ್ಕೂ ಹೀಗೇ ಮಾಡಿ.

ಸ್ವಲ್ಪ ಹಿಗ್ಗಿ, ಬಿಟ್ಟಾಗ ಮೊದಲಿನ ಉದ್ದಕ್ಕೆ ಬಂದರೆ ಕೂದಲು ಚೆನ್ನಾಗಿದೆ. ಒಳ್ಳೆಯ ಕೂದಲು ಒದ್ದೆಯಿದ್ದಾಗ ತನ್ನ ಉದ್ದದ ಸುಮಾರು 30 ಶೇಕಡ ಹಿಗ್ಗಿ ಹಿಂದಕ್ಕೆ ಬರಬಲ್ಲದು. ಹಿಗ್ಗುತ್ತಲೇ ಹೋಗಿ, ಹಿಂದಕ್ಕೆ ಬರದೆ, ಚೂಯಿಂಗ್ ಗಮ್ಮಿನಂತೆ ತೆಳುವಾಗಿ ಆಮೇಲೆ ತುಂಡಾದರೆ ಒಳಗಿನ ಗಂಟುಗಳು ಹೋಗಿವೆ. ಅಂಥ ಕೂದಲಿಗೆ ಬಿಗಿ ಬೇಕು, ಅಂದರೆ ಪ್ರೋಟೀನ್. ಹಿಗ್ಗುವುದೇ ಇಲ್ಲ, ಎಳೆದ ಕೂಡಲೇ ಪಟ್ ಎಂದರೆ ಅದು ಸೆಡೆತುಕೊಂಡಿದೆ. ಅದಕ್ಕೆ ಜಾರಿಕೆ ಬೇಕು, ಪ್ರೋಟೀನ್ ನಿಲ್ಲಿಸಬೇಕು.

ಒಂದೇ ಕೂದಲು ನೋಡಿ ತೀರ್ಮಾನ ಮಾಡಬೇಡಿ. ನನ್ನದರಲ್ಲಿ ಬುಡದ ಅರ್ಧ ಚೆನ್ನಾಗಿತ್ತು, ಬ್ಲೀಚ್ ಬಿದ್ದ ಅರ್ಧ ಗಮ್ಮಿನಂತಿತ್ತು. ಬಹಳ ಜನಕ್ಕೆ ಹೀಗೆಯೇ ಇರುತ್ತದೆ. ಜೊತೆಗೆ ಕೈಯ ಮಾತನ್ನೂ ಕೇಳಿ. ಒದ್ದೆ ಕೂದಲು ಮುಷ್ಟಿಯಲ್ಲಿ ಮೆತ್ತಗೆ, ಲೊಳಲೊಳ ಎನ್ನುವಂತಿದ್ದು, ಒಣಗಿದ ಮೇಲೆ ಜೋಲುಬಿದ್ದು, ಜಡೆ ನಿಲ್ಲದಿದ್ದರೆ ಬಿಗಿ ಕಮ್ಮಿ. ಒದ್ದೆಯಲ್ಲೂ ಕೀಚ್ ಕೀಚ್ ಎನ್ನುತ್ತಾ, ಮುಳ್ಳಿನಂತೆ ಒಂದಕ್ಕೊಂದು ಸಿಕ್ಕಿಕೊಂಡು, ಒಣಗಿದ ಮೇಲೆ ಹೊಳಪಿಲ್ಲದೆ ಬಿರುಸಾಗಿದ್ದರೆ ಜಾರಿಕೆ ಕಮ್ಮಿ.

ಲೋಟದ ನೀರಿನಲ್ಲಿ ಕೂದಲು ಹಾಕಿ ಮುಳುಗುತ್ತದೋ ತೇಲುತ್ತದೋ ನೋಡುವ ಪರೀಕ್ಷೆ ಬಹಳ ಕಡೆ ಹೇಳುತ್ತಾರೆ. ಅದನ್ನು ನಾನು ನಂಬುವುದಿಲ್ಲ. ಕೂದಲಿನ ಮೇಲೆ ಚೂರು ಎಣ್ಣೆ ಇದ್ದರೂ ತೇಲುತ್ತದೆ. ಅದಕ್ಕಿಂತ, ತಲೆಗೆ ನೀರು ಹಾಕಿದಾಗ ಕೂದಲು ಎಷ್ಟು ಬೇಗ ತೊಯ್ಯುತ್ತದೆ ಎಂದು ಗಮನಿಸಿ. ಬ್ಲೀಚ್ ಕಂಡ ಕೂದಲು ತಕ್ಷಣ ಹೀರುತ್ತದೆ. ಯಾವ ರಾಸಾಯನಿಕವೂ ತಾಗದ ಕೂದಲ ಮೇಲೆ ನೀರು ಸ್ವಲ್ಪ ಹೊತ್ತು ಹನಿಯಾಗಿ ನಿಲ್ಲುತ್ತದೆ.

ಬಾಟಲಿಯ ಹಿಂಬದಿ ಓದುವುದು

ಮುಂಬದಿಯಲ್ಲಿ ಬರೆದದ್ದನ್ನು ಬಿಟ್ಟುಬಿಡಿ. ಹಿಂಬದಿಯ ಸಣ್ಣ ಅಕ್ಷರ ಓದಿ. 'ಹೈಡ್ರೊಲೈಜ್ಡ್' ಎಂಬ ಪದದ ಮುಂದೆ ಕೆರಾಟಿನ್, ವೀಟ್, ಸೋಯಾ, ರೈಸ್, ಸಿಲ್ಕ್ ಅಂತ ಇದ್ದರೆ ಅದು ಪ್ರೋಟೀನ್ ಇರುವ ವಸ್ತು. ಹೈಡ್ರೊಲೈಜ್ಡ್ ಎಂದರೆ ಪ್ರೋಟೀನನ್ನು ಸಣ್ಣ ಸಣ್ಣ ತುಂಡು ಮಾಡಿದ್ದಾರೆ ಎಂದರ್ಥ. ತುಂಡು ಸಣ್ಣದಾದಷ್ಟೂ ಕೂದಲೊಳಗೆ ಇಳಿಯುವ ಸಾಧ್ಯತೆ ಜಾಸ್ತಿ. ಪಟ್ಟಿಯಲ್ಲಿ ಅದು ಮೊದಲ ಐದಾರು ಹೆಸರುಗಳಲ್ಲಿದ್ದರೆ ಪ್ರಮಾಣ ಸಾಕಷ್ಟಿದೆ. ಸುಗಂಧದ ಹೆಸರು ಕಳೆದು ಕೊನೆಗೆ ಬಂದಿದ್ದರೆ ಹೆಸರಿಗಷ್ಟೇ.

ಸಸ್ಯಾಹಾರಿಗಳಿಗೆ ಒಂದು ಮಾತು. ಕೆರಾಟಿನ್ ಸಾಮಾನ್ಯವಾಗಿ ಉಣ್ಣೆ, ಪುಕ್ಕ, ಕೊಂಬಿನಿಂದ ಬರುತ್ತದೆ. ಸಿಲ್ಕ್ ಬರುವುದು ರೇಷ್ಮೆ ಗೂಡಿನಿಂದ, ನಮ್ಮ ರಾಮನಗರದ ಮಾರುಕಟ್ಟೆಗೆ ಬುಟ್ಟಿಗಟ್ಟಲೆ ಬರುತ್ತದಲ್ಲ, ಅಂಥದ್ದೇ ಗೂಡು. ಅದು ಬೇಡ ಎನ್ನುವವರಿಗೆ ಗೋಧಿ, ಅಕ್ಕಿ, ಸೋಯಾದ್ದು ಇದೆ.

ಮೃದು ಮಾಡುವ ಪಟ್ಟಿ ಬೇರೆ. ಸೆಟೈಲ್ ಆಲ್ಕೊಹಾಲ್, ಸೆಟಿಯರಿಲ್ ಆಲ್ಕೊಹಾಲ್ ಎಂದು ಓದಿ ಹೆದರಬೇಡಿ. ಅವು ಒಣಗಿಸುವ ಆಲ್ಕೊಹಾಲ್ ಅಲ್ಲ, ಮೇಣದಂಥ ಕೊಬ್ಬು. ಬಿಹೆಂಟ್ರಿಮೋನಿಯಮ್, ಸೆಟ್ರಿಮೋನಿಯಮ್ ಎಂದಿದ್ದರೆ ಕೂದಲಿಗೆ ಅಂಟಿ ಜಾರಿಕೆ ಕೊಡುವಂಥವು. ಡೈಮೆಥಿಕೋನ್ ಸಿಲಿಕೋನ್. ಮುರಿಯುವ ಕೂದಲಿಗೆ ಸಿಲಿಕೋನ್ ಶತ್ರುವಲ್ಲ, ಆಗಾಗ ಸರಿಯಾಗಿ ತೊಳೆದರಾಯಿತು. ಗ್ಲಿಸರಿನ್, ಪ್ಯಾಂಥೆನಾಲ್, ಲೋಳೆಸರ ನೀರನ್ನು ಹಿಡಿದಿಡುವ ಗುಂಪು.

ಪಾರ್ಲರಿನ 'ಕೆರಾಟಿನ್ ಟ್ರೀಟ್‌ಮೆಂಟ್' ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಹೆಸರು ಕೇಳಿ ಅದು ಪ್ರೋಟೀನ್ ಉಪಚಾರ ಎಂದುಕೊಳ್ಳುತ್ತೇವೆ. ಅದರಲ್ಲಿ ಕೂದಲು ನೇರವಾಗುವುದು ಹೆಚ್ಚಾಗಿ ಫಾರ್ಮಾಲ್ಡಿಹೈಡ್ ಅಥವಾ ಗ್ಲೈಆಕ್ಸಿಲಿಕ್ ಆಸಿಡ್‌ನಂಥ ರಾಸಾಯನಿಕ ಮತ್ತು ತುಂಬಾ ಬಿಸಿಯಾದ ಇಸ್ತ್ರಿಯಿಂದ. ಈಗಾಗಲೇ ತುಂಡಾಗುತ್ತಿರುವ ಕೂದಲಿಗೆ ಅದನ್ನು ಮಾಡಿಸಬೇಡಿ. ಕಣ್ಣು ಮೂಗು ಉರಿಯುವ ಹೊಗೆ ಎದ್ದರೆ ಎದ್ದು ಹೊರಗೆ ಬನ್ನಿ.

ಬಿಗಿ ಬೇಕಾದವರು ಮಾಡಬೇಕಾದದ್ದು

ಬ್ಲೀಚ್, ಹೈಲೈಟ್ಸ್, ಸ್ಟ್ರೇಟನಿಂಗ್ ಆದವರು, ಗಮ್ಮಿನಂತೆ ಹಿಗ್ಗುವ ಕೂದಲಿನವರು ಈ ದಾರಿ ಹಿಡಿಯಿರಿ. ಹೈಡ್ರೊಲೈಜ್ಡ್ ಪ್ರೋಟೀನ್ ಇರುವ ಒಂದು ಮಾಸ್ಕ್ ಸಾಕು. ಶಾಂಪೂ, ಕಂಡೀಷನರ್, ಸೀರಮ್ ಮೂರರಲ್ಲೂ ಪ್ರೋಟೀನ್ ಬೇಡ. ಮಿತಿಮೀರಿ ಪ್ರೋಟೀನ್ ಹಚ್ಚಿದ್ದೇ ನಾನು ಮಾಡಿದ ತಪ್ಪು.

ಶಾಂಪೂ ಆದ ಮೇಲೆ ಕೂದಲಿನ ನೀರನ್ನು ಮೆಲ್ಲನೆ ಹಿಂಡಿ. ಮಾಸ್ಕನ್ನು ಹಾಳಾದ ಭಾಗಕ್ಕೆ ಮಾತ್ರ ಹಚ್ಚಿ. ನೆತ್ತಿಗೆ ಬೇಡ, ಈಚೆಗೆ ಬೆಳೆದ ಬುಡಕ್ಕೂ ಬೇಡ. ಬಾಟಲಿಯಲ್ಲಿ ಹೇಳಿದಷ್ಟೇ ಹೊತ್ತು ಬಿಡಿ. ಜಾಸ್ತಿ ಹೊತ್ತು ಬಿಟ್ಟರೆ ಜಾಸ್ತಿ ಲಾಭ ಎನ್ನುವ ಲೆಕ್ಕ ಇಲ್ಲಿಲ್ಲ. ತೊಳೆದ ಮೇಲೆ ಕಂಡೀಷನರ್ ಹಚ್ಚಲೇಬೇಕು. ಪ್ರೋಟೀನ್ ಆದ ಕೂಡಲೇ ಕೂದಲು ಸ್ವಲ್ಪ ಬಿರುಸಾಗಿರುತ್ತದೆ, ಆ ಸ್ಥಿತಿಯಲ್ಲಿ ಬಾಚಿದರೆ ಮುರಿಯುತ್ತದೆ.

ಎಷ್ಟು ದಿನಕ್ಕೊಮ್ಮೆ? ಬ್ಲೀಚ್ ಆದ ಕೂದಲಿಗೆ ಹದಿನೈದು ದಿನಕ್ಕೊಮ್ಮೆ ಶುರು ಮಾಡಿ. ಹಿಗ್ಗುವುದು ಕಮ್ಮಿಯಾದ ಮೇಲೆ ತಿಂಗಳಿಗೊಮ್ಮೆ. ಬರೀ ಬಣ್ಣ ಹಾಕುವವರಿಗೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಸಾಕು. ಯಾವ ರಾಸಾಯನಿಕವೂ ತಾಗದ, ಇಸ್ತ್ರಿ ಕಾಣದ ಕೂದಲಿಗೆ ಪ್ರೋಟೀನ್ ಮಾಸ್ಕ್ ಬೇಕಾಗಿಯೇ ಇಲ್ಲದಿರಬಹುದು. ಸಾಮಾನ್ಯವಾಗಿ ಸಣ್ಣ ಎಳೆಯ ಕೂದಲಿಗೆ ಪ್ರೋಟೀನ್ ಚೆನ್ನಾಗಿ ಒಗ್ಗುತ್ತದೆ. ದಪ್ಪ ಎಳೆಯ ಒರಟು ಕೂದಲು ಬೇಗ ಬಿರುಸಾಗುತ್ತದೆ.

ಮೊಟ್ಟೆಯ ಬಗ್ಗೆ ಕೇಳುತ್ತೀರಿ, ಗೊತ್ತು. ಮೊಟ್ಟೆಯ ಪ್ರೋಟೀನ್ ತುಂಬಾ ದೊಡ್ಡದು, ಕೂದಲೊಳಗೆ ಹೋಗುವುದಿಲ್ಲ. ಬಿಳಿಭಾಗ ಮೇಲೆ ಒಣಗಿ ಪೊರೆ ಕಟ್ಟುತ್ತದೆ. ಹಳದಿಭಾಗದ ಕೊಬ್ಬಿನಿಂದ ಸ್ವಲ್ಪ ಮೃದುವಾಗುತ್ತದೆ, ಹಚ್ಚಲೇಬೇಕೆಂದರೆ ಅದನ್ನಷ್ಟೇ ಹಚ್ಚಿ, ತಣ್ಣೀರಲ್ಲಿ ತೊಳೆಯಿರಿ. ಮೊಸರೂ ಅಷ್ಟೇ. ಅದರ ಹುಳಿ ಮತ್ತು ಕೊಬ್ಬು ಕೂದಲನ್ನು ನಯ ಮಾಡುತ್ತದೆ, ಪ್ರೋಟೀನ್ ಒಳಗಿಳಿಯುವುದಿಲ್ಲ. ಅಕ್ಕಿ ತೊಳೆದ ನೀರಂತೂ ನಿಜವಾಗಿಯೂ ಗಂಜಿಯೇ. ಒಂದು ದಿನಕ್ಕೆ ಮೈ ತುಂಬಿದಂತೆ ಕಾಣುತ್ತದೆ, ವಾರವಿಡೀ ಹಾಕಿದರೆ ಬಿರುಸು.

ಪ್ರೋಟೀನ್ ಜಾಸ್ತಿಯಾಗಿಬಿಟ್ಟರೆ ಗಾಬರಿ ಬೇಡ. ಬಹುಪಾಲು ಮೇಲೆಯೇ ಕೂತಿರುವುದರಿಂದ ತೊಳೆದಂತೆ ಹೋಗುತ್ತದೆ. ಒಂದು ಕ್ಲಾರಿಫೈಯಿಂಗ್ ತೊಳೆತ, ಆಮೇಲೆ ಮೂರು ನಾಲ್ಕು ಸ್ನಾನ ಬರೀ ಸಾದಾ ಕಂಡೀಷನರ್.

ಜಾರಿಕೆ ಬೇಕಾದವರು ಮಾಡಬೇಕಾದದ್ದು

ಪಟ್ಟನೆ ಮುರಿಯುವ ಕೂದಲಿನವರು ಮೊದಲು ಪ್ರೋಟೀನ್ ಇರುವ ಎಲ್ಲವನ್ನೂ ಎತ್ತಿಡಿ. ನಾಲ್ಕು ವಾರ ಮುಟ್ಟಬೇಡಿ.

ಕಂಡೀಷನರ್ ಹಚ್ಚುವ ಕ್ರಮ ಮುಖ್ಯ. ನೀರು ಸೋರುತ್ತಿರುವ ಕೂದಲಿಗೆ ಹಚ್ಚಿದರೆ ಅರ್ಧ ಹರಿದು ಹೋಗುತ್ತದೆ. ಹಿಂಡಿದ ಮೇಲೆ ಹಚ್ಚಿ. ಭುಜದವರೆಗಿನ ಕೂದಲಿಗೆ ಅಡಿಕೆ ಗಾತ್ರ, ಸೊಂಟದವರೆಗಿದ್ದರೆ ನಿಂಬೆ ಗಾತ್ರ. ಕಿವಿಯಿಂದ ಕೆಳಕ್ಕೆ ಹಚ್ಚುತ್ತಾ ಬನ್ನಿ, ತುದಿಗೆ ಜಾಸ್ತಿ. ಅದು ತಲೆಯಲ್ಲಿ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ. ತುದಿಯಿಂದ ಶುರು ಮಾಡಿ ಮೇಲೆ ಹೋಗಬೇಕು. ಐದು ನಿಮಿಷ ಬಿಟ್ಟು ತೊಳೆಯಿರಿ. ರಾತ್ರಿಯಿಡೀ ಒದ್ದೆ ಮಾಸ್ಕ್ ಕಟ್ಟಿಕೊಂಡು ಮಲಗುವುದು ಬೇಡ. ಗಂಟೆಗಟ್ಟಲೆ ನೀರಿನಲ್ಲಿ ಊದಿಕೊಂಡಿರುವುದು ಕೂದಲಿಗೆ ಒಳ್ಳೆಯದಲ್ಲ.

ಮನೆಯ ವಸ್ತುಗಳು ನಿಜವಾಗಿ ಗೆಲ್ಲುವುದು ಇಲ್ಲಿ. ಮಲೆನಾಡು, ಕರಾವಳಿಯವರಿಗೆ ಗೊಂಪು, ಅಂದರೆ ತಲೆಗೆ ಹಚ್ಚುವ ಎಲೆಯ ಲೋಳೆ, ಗೊತ್ತು. ದಾಸವಾಳದ ಹದಿನೈದು ಇಪ್ಪತ್ತು ಎಲೆ ತೊಳೆದು, ನೀರಿನಲ್ಲಿ ಕೈಯಿಂದ ಕಿವುಚಿ, ಬಟ್ಟೆಯಲ್ಲಿ ಸೋಸಿದರೆ ಗಟ್ಟಿ ಲೋಳೆ ಬರುತ್ತದೆ. ಮಿಕ್ಸಿಗೆ ಹಾಕಿದರೆ ಚೂರುಗಳು ಕೂದಲಲ್ಲಿ ಸಿಕ್ಕಿಕೊಳ್ಳುತ್ತವೆ, ಅದನ್ನು ತೆಗೆಯಲು ಹೋಗಿ ಮತ್ತೆ ಕೂದಲು ಮುರಿಯುತ್ತೇವೆ. ಮೆಂತ್ಯ ಎರಡು ಚಮಚ ರಾತ್ರಿ ನೆನೆಸಿ, ರುಬ್ಬದೆ ಲೋಳೆಯನ್ನಷ್ಟೇ ಸೋಸಿಕೊಳ್ಳಿ. ಅಗಸೆ ಬೀಜ ಕಾಲು ಕಪ್ಪಿಗೆ ಎರಡು ಕಪ್ ನೀರು ಹಾಕಿ ಕುದಿಸಿ, ಮೊಟ್ಟೆಯ ಬಿಳಿಯಂತೆ ಆದಾಗ ಬಿಸಿಯಿರುವಾಗಲೇ ಸೋಸಿ. ತಣ್ಣಗಾದರೆ ಸೋಸಲಾಗುವುದಿಲ್ಲ. ಈ ಲೋಳೆಗಳು ಕೂದಲಿಗೆ ಒಳ್ಳೆಯ ಜಾರಿಕೆ ಕೊಡುತ್ತವೆ. ಇಪ್ಪತ್ತು ನಿಮಿಷ ಸಾಕು.

ಸೀಗೆಪುಡಿ ಬಳಸುವವರು ಪುಡಿಯನ್ನೇ ತಲೆಗೆ ಉಜ್ಜಬೇಡಿ. ನೀರಲ್ಲಿ ಕುದಿಸಿ ಸೋಸಿದ ನೀರು ಬಳಸಿ.

ಎಣ್ಣೆ ಎಲ್ಲಿ ಬರುತ್ತದೆ

ಎಣ್ಣೆ ಪ್ರೋಟೀನೂ ಅಲ್ಲ, ತೇವವೂ ಅಲ್ಲ. ಅದು ಕಾವಲು. 2003ರಲ್ಲಿ ಮುಂಬೈಯ ಆರತಿ ರೇಲೆ ಮತ್ತು ಆರ್. ಬಿ. ಮೋಹಿಲೆ ಎಂಬ ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದರು. ತಲೆ ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಕಳೆದುಹೋಗುವುದನ್ನು ಗಣನೀಯವಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಅವರು ತೆಂಗಿನೆಣ್ಣೆ ಮಾರುವ ಕಂಪನಿಯ ಸಂಶೋಧನಾ ವಿಭಾಗದವರು ಎನ್ನುವುದನ್ನೂ ಹೇಳಬೇಕು. ಆದರೆ ಕಾರಣ ಸ್ಪಷ್ಟವಿದೆ. ಅದರ ಲಾರಿಕ್ ಆಸಿಡ್ ಅಣು ಸಣ್ಣದು, ನೇರವಾದದ್ದು, ಕೂದಲೊಳಗೆ ಇಳಿಯುತ್ತದೆ.

ಹಾಗಾಗಿ ಎಣ್ಣೆ ಹಚ್ಚಬೇಕಾದದ್ದು ಸ್ನಾನಕ್ಕೆ ಮುಂಚೆ, ಒಣ ಕೂದಲಿಗೆ, ಉದ್ದಕ್ಕೂ. ಒಂದೆರಡು ಚಮಚ ಸಾಕು, ಕೆಲವು ಗಂಟೆ ಅಥವಾ ಹಿಂದಿನ ರಾತ್ರಿ. ಸುರಿಯುವಷ್ಟು ಹಚ್ಚಿದರೆ ತೊಳೆಯಲು ಎರಡು ಮೂರು ಸಲ ಶಾಂಪೂ ಬೇಕಾಗುತ್ತದೆ, ಮಾಡಿದ್ದೆಲ್ಲ ನೀರಲ್ಲಿ ಹೋಮ. ನೆತ್ತಿಯಲ್ಲಿ ಹೊಟ್ಟು ಇದ್ದವರು ಬುಡಕ್ಕೆ ಹಚ್ಚಬೇಡಿ. ಕೆಲವರ ಕೂದಲು ತೆಂಗಿನೆಣ್ಣೆಗೇ ಬಿರುಸಾಗುತ್ತದೆ. ನಿಮಗೂ ಹಾಗಾದರೆ ಒಂದು ಎಸಳು ಕೂದಲಿಗೆ ಎಳ್ಳೆಣ್ಣೆಯೋ ಬಾದಾಮಿ ಎಣ್ಣೆಯೋ ಹಚ್ಚಿ ನೋಡಿ.

ಕೈಯ ಒರಟುತನ

ಇದನ್ನು ಬಹಳ ಕಾಳಜಿಯಿಂದ ಹೇಳುತ್ತೇನೆ. ಪ್ರೋಟೀನ್, ತೇವ ಎರಡನ್ನೂ ಸರಿಮಾಡಿಕೊಂಡು ಕೈ ಒರಟಾಗಿಯೇ ಇದ್ದರೆ ಕೂದಲು ಮುರಿಯುವುದು ನಿಲ್ಲುವುದಿಲ್ಲ.

ನಮ್ಮ ಮನೆಗಳಲ್ಲಿ ತಲೆಸ್ನಾನ ಆದ ಮೇಲೆ ಬಗ್ಗಿ ನಿಂತು, ಟವೆಲ್ ಹುರಿ ಮಾಡಿ ಕೂದಲನ್ನು ಫಟ್ ಫಟ್ ಎಂದು ಝಾಡಿಸುವ ಅಭ್ಯಾಸ ಇದೆ. ಕೂದಲು ಅತಿ ದುರ್ಬಲವಾಗಿರುವ ಹೊತ್ತಿನಲ್ಲಿ ಅದಕ್ಕೆ ಪೆಟ್ಟು ಅದು. ದಯವಿಟ್ಟು ಬಿಡಿ. ಹಳೆಯ ಹತ್ತಿ ಪಂಚೆಯನ್ನೋ ಬೈರಾಸನ್ನೋ ಸುತ್ತಿ, ಒತ್ತಿ ನೀರು ತೆಗೆಯಿರಿ. ಒದ್ದೆಯಲ್ಲೇ ಬಿಗಿಯಾಗಿ ಹೆಣೆದು ಆಫೀಸಿಗೆ ಓಡುವುದೂ ಬೇಡ. ನೇರ ಕೂದಲಿನವರು ಮುಕ್ಕಾಲು ಒಣಗಿದ ಮೇಲೆ ಬಾಚಿ. ಗುಂಗುರು ಕೂದಲಿನವರು ಮಾತ್ರ ಕಂಡೀಷನರ್ ಇರುವಾಗಲೇ ಬಾಚಿ ಮುಗಿಸಿ, ಆಮೇಲೆ ಬಾಚಣಿಗೆ ಮುಟ್ಟಬೇಡಿ.

ಡ್ರೈಯರ್ ಪಾಪವಲ್ಲ. 2011ರಲ್ಲಿ ಪ್ರಕಟವಾದ ಕೊರಿಯಾದ ಒಂದು ಅಧ್ಯಯನದಲ್ಲಿ, 15 ಸೆಂಟಿಮೀಟರ್ ದೂರದಿಂದ ಡ್ರೈಯರನ್ನು ಆಡಿಸುತ್ತಾ ಒಣಗಿಸಿದ ಕೂದಲಿಗೆ, ತಾನಾಗಿ ಒಣಗಲು ಬಿಟ್ಟ ಕೂದಲಿಗಿಂತ ಒಟ್ಟಾರೆ ಕಮ್ಮಿ ಹಾನಿಯಾಗಿತ್ತು. ಹೊರಪದರ ಬಿಸಿಗೆ ಸವೆಯುತ್ತದೆ ನಿಜ, ಆದರೆ ಬಹಳ ಹೊತ್ತು ಒದ್ದೆಯಿದ್ದರೆ ಪದರಗಳನ್ನು ಹಿಡಿದಿಡುವ ಒಳಗಿನ ಅಂಟು ಊದುತ್ತದೆ. ಇಸ್ತ್ರಿಯದು ಬೇರೆ ಮಾತು. ಒದ್ದೆ ಕೂದಲಿಗೆ ಇಸ್ತ್ರಿ ಇಟ್ಟರೆ ಒಳಗಿನ ನೀರು ಕುದಿದು ಗುಳ್ಳೆಗಳೇಳುತ್ತವೆ, ಆ ಜಾಗದಲ್ಲಿ ಮುರಿಯುತ್ತದೆ. ಪೂರ್ತಿ ಒಣಗಿದ ಮೇಲೆ, 180 ಡಿಗ್ರಿ ಮೀರದಂತೆ, ಒಂದೇ ಸಲ ಎಳೆಯಿರಿ.

ಸ್ಕೂಟರ್ ಓಡಿಸುವವರು ಹೆಲ್ಮೆಟ್ ಒಳಗೆ ತೆಳು ಬಟ್ಟೆ ಕಟ್ಟಿಕೊಳ್ಳಿ, ಜಡೆ ಸಡಿಲವಿರಲಿ. ತೆಳು ರಬ್ಬರ್ ಬ್ಯಾಂಡ್ ಬಿಟ್ಟು ಬಟ್ಟೆ ಸುತ್ತಿದ ಬ್ಯಾಂಡ್ ಹಾಕಿ, ಕಟ್ಟುವ ಜಾಗ ದಿನಾ ಬದಲಿಸಿ.

ಊರು, ಹವೆ

ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಅಲ್ಲಿ ಗ್ಲಿಸರಿನ್ ಜಾಸ್ತಿ ಇರುವ ಸೀರಮ್ ಹಾಕಿದರೆ ಕೂದಲು ಊದಿ ಅಂಟಂಟಾಗುತ್ತದೆ. ಸಿಲಿಕೋನ್ ಸೀರಮ್ ಒಳ್ಳೆಯದು. ಕಲಬುರಗಿ, ರಾಯಚೂರಿನ ಬೇಸಿಗೆಯ ಒಣಗಾಳಿಗೆ ಕಂಡೀಷನರ್ ಜಾಸ್ತಿ ಬೇಕು, ಹೊರಗೆ ಹೋಗುವಾಗ ಸೆರಗೋ ದುಪಟ್ಟಾವೋ ತಲೆಯ ಮೇಲಿರಲಿ. ಅಮೆರಿಕದ ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಹಾಕಿಕೊಂಡಿರುವ ನಮ್ಮವರಿಗೂ ಇದೇ ಒಣಗಾಳಿ. ಊರಿಗೆ ಬಂದಾಗ ಸರಿಯಿದ್ದ ಕೂದಲು ಅಲ್ಲಿ ಚಟಪಟ ಎನ್ನುತ್ತದೆ ಎಂದರೆ ಪ್ರೋಟೀನ್ ದೂರುವ ಮುಂಚೆ ಹವೆ ನೋಡಿ.

ಎಂಟು ವಾರದ ಲೆಕ್ಕ

ವಾರಕ್ಕೆ ಎರಡು ತಲೆಸ್ನಾನ ಎಂದಿಟ್ಟುಕೊಳ್ಳೋಣ. ಮೊದಲ ವಾರ ಒಂದು ಪೂರ್ತಿ ಶುಚಿ, ಒಂದು ಸಾದಾ ಸ್ನಾನ, ಪರೀಕ್ಷೆ. ಎರಡನೆಯ ವಾರದಿಂದ ನಿಮ್ಮ ದಾರಿ. ಬಿಗಿ ಬೇಕಾದವರು ಎರಡು, ನಾಲ್ಕು, ಆರನೆಯ ವಾರ ಒಂದೊಂದು ಪ್ರೋಟೀನ್ ಮಾಸ್ಕ್, ಉಳಿದ ಸ್ನಾನಕ್ಕೆಲ್ಲ ಸಾದಾ ಕಂಡೀಷನರ್. ಜಾರಿಕೆ ಬೇಕಾದವರು ಐದನೆಯ ವಾರದವರೆಗೆ ಪ್ರೋಟೀನ್ ಇಲ್ಲ, ವಾರಕ್ಕೊಮ್ಮೆ ಗೊಂಪೋ ಮಾಸ್ಕೋ. ಐದರ ಕೊನೆಗೆ ಒಂದಿಷ್ಟೇ ಕೂದಲಿಗೆ, ಕಿವಿಯ ಹಿಂದೆ, ಪ್ರೋಟೀನ್ ಹಚ್ಚಿ ನೋಡಿ. ಬಿರುಸಾಗದಿದ್ದರೆ ಆರನೆಯ ವಾರ ಒಂದು ಸಲ ಪೂರ್ತಿ ಹಚ್ಚಿ. ಎರಡು ವಾರಕ್ಕೊಮ್ಮೆ ಎಳೆದು ನೋಡುವ ಪರೀಕ್ಷೆ ಮಾಡಿ ಕ್ಯಾಲೆಂಡರಿನಲ್ಲಿ ಒಂದು ಪದ ಬರೆದಿಡಿ: ಗಮ್ಮು, ಪಟ್, ಸರಿ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ. ಸುಮ್ನೆ ಮೂರು ಬದಲಿಸಿದರೆ ಯಾವುದರಿಂದ ಏನಾಯಿತೆಂದೇ ತಿಳಿಯುವುದಿಲ್ಲ.

ಊಟದ ಪ್ರೋಟೀನ್ ಹಳೆಯ ಕೂದಲನ್ನು ರಿಪೇರಿ ಮಾಡುವುದಿಲ್ಲ, ಇನ್ನು ಹುಟ್ಟುವ ಕೂದಲಿಗೆ ಅದು ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಂತೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ, ಅಂದರೆ 55 ಕಿಲೋ ತೂಕದ ಹೆಂಗಸಿಗೆ ಸುಮಾರು 46 ಗ್ರಾಂ. ಅನ್ನ, ತಿಳಿಸಾರಿನಲ್ಲೇ ಊಟ ಮುಗಿಸುವವರು ಗಟ್ಟಿ ಬೇಳೆ, ಹುರುಳಿ, ಮೊಸರು, ಮೊಟ್ಟೆ, ಮೀನು ಸೇರಿಸಿಕೊಳ್ಳಿ.

ಕತ್ತರಿ

ಕವಲೊಡೆದ ತುದಿಯನ್ನು ಶಾಶ್ವತವಾಗಿ ಅಂಟಿಸುವ ವಸ್ತು ಇಲ್ಲ. ಹಾಗೇ ಬಿಟ್ಟರೆ ಸೀಳು ಮೇಲಕ್ಕೆ ಏರುತ್ತದೆ. ಎರಡು ಮೂರು ತಿಂಗಳಿಗೊಮ್ಮೆ 1 ಅಥವಾ 2 ಸೆಂಟಿಮೀಟರ್ ತೆಗೆಸಿ. ಎಂಟು ವಾರ ಆದ ಮೇಲೂ ಗಮ್ಮಿನಂತೆಯೇ ಇರುವ ಭಾಗ ಇನ್ನು ಸರಿಹೋಗುವುದಿಲ್ಲ, ಅದನ್ನು ಸ್ವಲ್ಪಸ್ವಲ್ಪವಾಗಿ ಕತ್ತರಿಸುತ್ತಾ ಬರಬೇಕು. ಬುಡದ ಹತ್ತಿರವೇ ಮುರಿಯುತ್ತಿದ್ದರೆ, ನೆತ್ತಿಯಲ್ಲಿ ಉರಿ, ಹುಣ್ಣು, ಬೋಳು ಮಚ್ಚೆ ಕಂಡರೆ ಡಾಕ್ಟರಿಗೆ ತೋರಿಸಿ.

ನಾನು ಮೊದಲ ದಿನ ನಾಲ್ಕು ಇಂಚು ಕತ್ತರಿಸಿದೆ, ಅತ್ತುಕೊಂಡೇ. ಆಮೇಲೆ ಮೂರು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ. ಬ್ಲೀಚ್ ತಾಗಿದ ಕೂದಲಿನ ಕೊನೆಯ ತುಂಡು ಹೋಗಿದ್ದು ಎರಡು ವರ್ಷದ ಮೇಲೆ, ಒಂದು ಯುಗಾದಿಯ ಹಿಂದಿನ ಸಂಜೆ. ಮಾರನೆಯ ದಿನ ಅಮ್ಮ ಎಣ್ಣೆ ಹಚ್ಚುವಾಗ ಜಡೆಯ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿ, "ದಪ್ಪ ಇದೆಯಲ್ಲೇ" ಎಂದಳು.